ಮೊದಲ ಕ್ಯಾಮೆರಾ ಕೊಳ್ಳುವ ಕ್ರಮ: ಚಿಕ್ಕಮಗಳೂರು ಸೀಮೆಯ ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಆಸೆಪಟ್ಟು ಕ್ಯಾಮೆರಾ ಕೊಂಡು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದನ್ನು ಬೀರುವಿಗೆ ಸೇರಿಸಿದವರು ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪದ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರನ್ನು ಮಾತಾಡಿಸಿದರೆ ಕಾರಣಗಳು ಮೂರು ನಾಲ್ಕರಲ್ಲೇ ಮುಗಿಯುತ್ತವೆ. ಹಕ್ಕಿ ತೆಗೆಯಬೇಕೆಂದು ಹೊರಟವರ ಕೈಯಲ್ಲಿ ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸ್ ಇರುತ್ತದೆ. ಮಂಗಟ್ಟೆ ಹಕ್ಕಿ ಚಿತ್ರದ ನಡುವೆ ಕರಿ ಚುಕ್ಕಿಯಾಗಿ ಕೂತಿರುತ್ತದೆ. ಉದ್ದ ಜೂಮಿಗೆ ಮರುಳಾದವರು ಛತ್ರದೊಳಗೆ ತೆಗೆದ ಮುಖಗಳೆಲ್ಲ ಮಸುಕಾಗಿರುತ್ತವೆ. ಇದ್ದ ದುಡ್ಡನ್ನೆಲ್ಲ ಕ್ಯಾಮೆರಾದ ಬಾಡಿಗೆ, ಅಂದರೆ ಲೆನ್ಸ್ ಬಿಟ್ಟು ಉಳಿದ ಮೈಗೆ, ಸುರಿದವರ ಹತ್ತಿರ ಲೆನ್ಸಿಗೆ ಏನೂ ಉಳಿದಿರುವುದಿಲ್ಲ. ಇನ್ನು ಕೆಲವರು ಕೊಂಡದ್ದು ಸರಿಯಾಗಿಯೇ ಇತ್ತು, ಆದರೆ ಲೆನ್ಸಿನ ಒಳಗೆ ಬೂಷ್ಟು ಹಿಡಿಯಿತು.

ಇಷ್ಟಕ್ಕೂ ಬೇರು ಒಂದೇ ಕಡೆ ಇದೆ. "ಯಾವ ಕ್ಯಾಮೆರಾ ಒಳ್ಳೇದು?" ಎಂದು ಕೇಳುತ್ತಾ ಎಲ್ಲರೂ ಬಾಡಿಯಿಂದ ಶುರು ಮಾಡುತ್ತಾರೆ. ಏನು ತೆಗೆಯಬೇಕು, ಎಲ್ಲಿ ತೆಗೆಯಬೇಕು, ಯಾವ ಬೆಳಕಿನಲ್ಲಿ ತೆಗೆಯಬೇಕು ಎಂಬುದು ಗೊತ್ತಾಗುವ ತನಕ ಈ ಪ್ರಶ್ನೆಗೆ ಯಾರೂ ಉತ್ತರ ಹೇಳಲಾರರು. ಮೊದಲು ಚಿತ್ರ, ಆಮೇಲೆ ಲೆನ್ಸ್, ಆಮೇಲೆ ಮೌಂಟ್ (ಬಾಡಿಗೆ ಲೆನ್ಸ್ ಕೂರುವ ಬಾಯಿ), ಕೊನೆಗೆ ಬಾಡಿ: ಕೊಳ್ಳುವ ಕ್ರಮ ಇದು. ಕೆಳಗಿನ ಹಂತಗಳನ್ನೂ ಇದೇ ಕ್ರಮದಲ್ಲಿ ಇಟ್ಟಿದ್ದೇನೆ. ಒಂದರ ಉತ್ತರವನ್ನು ಹಿಡಿದುಕೊಂಡೇ ಮುಂದಿನದಕ್ಕೆ ಹೋಗಬೇಕು, ಆದ್ದರಿಂದ ನಡುವೆ ಹಾರಿಸಬೇಡಿ.

ಮೊದಲೇ ಜೋಡಿಸಿಕೊಳ್ಳಬೇಕಾದವು

ಈಗಿರುವ ಫೋನು, ಒಂದು ನೋಟ್‌ಬುಕ್, ಪ್ರಖರ ಬೆಳಕಿನ ಸಣ್ಣ ಟಾರ್ಚ್, ನಿಮ್ಮದೇ ಆದ ಒಂದು ಎಸ್‌ಡಿ ಕಾರ್ಡ್, ಚಿತ್ರಗಳನ್ನು ದೊಡ್ಡದಾಗಿ ನೋಡಲು ಲ್ಯಾಪ್‌ಟಾಪ್. ಜೊತೆಗೆ ಎರಡು ಮೂರು ವಾರದ ತಾಳ್ಮೆ. ದಸರಾ, ದೀಪಾವಳಿಯ ಆಫರ್ ನಾಳೆ ಮುಗಿಯುತ್ತದೆ ಎಂಬ ಅವಸರದಲ್ಲಿ ಕೊಂಡ ಕ್ಯಾಮೆರಾಗಳೇ ಹೆಚ್ಚಾಗಿ ಬೀರು ಸೇರುವುದು. ಆಫರ್ ಮತ್ತೆ ಬರುತ್ತದೆ.

ಹಂತ 1: ಫೋನಿನಲ್ಲಿ ಸೋತ ಚಿತ್ರಗಳನ್ನು ಬರೆದಿಡಿ

ಎರಡು ವಾರ ದಿನಾ ಫೋನಿನಲ್ಲೇ ಫೋಟೋ ತೆಗೆಯಿರಿ. ಚೆನ್ನಾಗಿ ಬಂದವನ್ನು ಬಿಟ್ಟುಬಿಡಿ. ಮನಸ್ಸಿನಲ್ಲಿದ್ದ ಹಾಗೆ ಬಾರದ ಒಂದೊಂದು ಚಿತ್ರಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ: ಏನು ತೆಗೆಯಲು ಹೋಗಿದ್ದು, ಎಲ್ಲಿ, ಎಷ್ಟು ಹೊತ್ತಿಗೆ, ಕೆಟ್ಟದ್ದು ಯಾಕೆ.

"ಯಾಕೆ" ಎಂಬುದಕ್ಕೆ ಬಹುಮಟ್ಟಿಗೆ ನಾಲ್ಕೇ ಉತ್ತರ ಬರುತ್ತವೆ. ಒಂದು, ವಸ್ತು ದೂರ ಇತ್ತು: ಹಕ್ಕಿ, ಬೇಲೂರಿನ ಸೂರಿನ ಕೆಳಗಿರುವ ಮದನಿಕೆ, ಭದ್ರಾ ಸಫಾರಿಯಲ್ಲಿ ಕಂಡ ಕಾಟಿ. ಎರಡು, ಬೆಳಕು ಸಾಲಲಿಲ್ಲ: ಛತ್ರ, ನಡುಮನೆ, ದೇವಸ್ಥಾನದ ನವರಂಗ. ಮೂರು, ವಸ್ತು ತೀರಾ ಸಣ್ಣದು: ಕಾಫಿ ಹೂವಿನ ಮೇಲಿನ ಜೇನು, ಮಳೆಗಾಲದ ಅಣಬೆ, ಕಪ್ಪೆ. ನಾಲ್ಕು, ಹಿಂದಿರುವುದೆಲ್ಲ ಮುಖದಷ್ಟೇ ಸ್ಪಷ್ಟವಾಗಿ ಬಂದು ಚಿತ್ರ ಗಜಿಬಿಜಿಯಾಯಿತು.

ಎರಡು ವಾರದ ಕೊನೆಗೆ ಯಾವುದು ಎಷ್ಟು ಸಲ ಬಂತು ಎಂದು ಎಣಿಸಿ. ಹೆಚ್ಚು ಸಲ ಬಂದದ್ದೇ ನಿಮ್ಮ ಕ್ಯಾಮೆರಾದ ಮೊದಲ ಕೆಲಸ. ಎರಡನೆಯದನ್ನೂ ಗುರುತು ಹಾಕಿಕೊಳ್ಳಿ, ಉಳಿದದ್ದನ್ನು ಈಗ ಮರೆಯಿರಿ. ನಾಲ್ಕನ್ನೂ ಒಂದೇ ಕ್ಯಾಮೆರಾ, ಒಂದೇ ಲೆನ್ಸಿನಲ್ಲಿ ಸಾಧಿಸುತ್ತೇನೆ ಎಂದು ಹೊರಟವರಿಗೆ ಯಾವುದೂ ಸರಿಯಾಗಿ ದಕ್ಕುವುದಿಲ್ಲ.

ಎಚ್ಚರಿಕೆಯ ಸೂಚನೆ: ಪಟ್ಟಿಯಲ್ಲಿ ಐದಾರು ಸಾಲೂ ಆಗಲಿಲ್ಲವೆಂದರೆ ಈಗಲೇ ಕ್ಯಾಮೆರಾ ಬೇಡ. ಮುಳ್ಳಯ್ಯನಗಿರಿಯ ಸೂರ್ಯೋದಯ, ಹಿರೇಕೊಳಲೆ ಕೆರೆಯ ಸಂಜೆ, ಮನೆಯವರ ಗುಂಪು ಚಿತ್ರ, ಇಷ್ಟಕ್ಕೆ ಈಗಿನ ಫೋನುಗಳು ಸಾಕು. ಆ ದುಡ್ಡಿಗೆ ಊರೂರು ತಿರುಗಿ. ಫೋನು ಸೋಲುವ ಜಾಗ ನಿಮಗೇ ಎದುರಾಗುತ್ತದೆ.

ಹಂತ 2: ಸೋಲಿನಿಂದ ಲೆನ್ಸಿಗೆ ಬನ್ನಿ

ಅರ್ಧ ದಿನ ಕೂತು ಯೋಚಿಸಬೇಕಾದ ಹಂತ ಇದು. ಚಿತ್ರದ ಬಹುಪಾಲು ಗುಣ ಲೆನ್ಸಿನಿಂದ ಬರುತ್ತದೆ. ಒಳ್ಳೆಯ ಲೆನ್ಸ್ ಇಟ್ಟುಕೊಂಡು ಬಾಡಿ ಬದಲಿಸುತ್ತಾ ಹತ್ತು ಹದಿನೈದು ವರ್ಷ ಬಳಸುವವರಿದ್ದಾರೆ.

ಮೊದಲು ಒಂದು ಲೆಕ್ಕ ತಿಳಿದುಕೊಳ್ಳಿ. ಲೆನ್ಸಿನ ಹೆಸರಿನಲ್ಲಿರುವ ಮಿ.ಮೀ. ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಆರಂಭಿಕ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಭಾಗ) ಇರುತ್ತದೆ. ಅದು 36×24 ಮಿ.ಮೀ. ಫುಲ್ ಫ್ರೇಮ್ ಸೆನ್ಸರಿಗಿಂತ ಚಿಕ್ಕದಾದ್ದರಿಂದ ಅದೇ ಲೆನ್ಸ್ ಇನ್ನಷ್ಟು ಹತ್ತಿರಕ್ಕೆ ಎಳೆದಂತೆ ಕಾಣುತ್ತದೆ. ನಿಕಾನ್, ಸೋನಿ, ಫ್ಯೂಜಿಯಲ್ಲಿ 1.5 ರಿಂದ, ಕ್ಯಾನನ್‌ನಲ್ಲಿ 1.6 ರಿಂದ ಗುಣಿಸಿ. ಕ್ಯಾನನ್ ಎಪಿಎಸ್-ಸಿ ಬಾಡಿಗೆ 250 ಮಿ.ಮೀ. ಲೆನ್ಸ್ ಹಾಕಿದರೆ 400 ಮಿ.ಮೀ.ನಷ್ಟು ನೋಟ ಸಿಗುತ್ತದೆ. ಫೋನಿನ ಮುಖ್ಯ ಕ್ಯಾಮೆರಾದ ನೋಟ ಇದೇ ಲೆಕ್ಕದಲ್ಲಿ ಸುಮಾರು 24-26 ಮಿ.ಮೀ. ಹಕ್ಕಿ ಯಾಕೆ ಚುಕ್ಕಿಯಾಗುತ್ತದೆ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ದೂರದ್ದು ಸೋತಿದ್ದರೆ: ಶಿಲ್ಪಗಳಿಗೆ 55-250, 50-250 ಅಥವಾ 70-300 ರೀತಿಯ ಲೆನ್ಸ್ ಸಾಕು. ಬೇಲೂರಿನ ಮದನಿಕೆಗಳನ್ನು ನೆಲದಲ್ಲಿ ನಿಂತು ತುಂಬಿಕೊಳ್ಳುವಷ್ಟು ಎಟುಕು ಅದರಲ್ಲಿದೆ. ಕಾಟಿ, ಜಿಂಕೆ, ಆನೆಗೂ ಅದೇ ನಡೆಯುತ್ತದೆ. ಸಣ್ಣ ಹಕ್ಕಿಗಳಿಗೆ ಮಾತ್ರ 400 ಮಿ.ಮೀ. ನೋಟ ಆರಂಭವಷ್ಟೇ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ರಿವರ್ ಟರ್ನ್‌ಗಳು ಬಯಲು ಬೆಳಕಿನಲ್ಲಿ ಹಾರುತ್ತವೆ, ಅಲ್ಲಿ ಈ ಲೆನ್ಸುಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಕಾಫಿ ತೋಟದ ಮಾತೇ ಬೇರೆ. ನಮ್ಮ ಕಾಫಿ ಬೆಳೆಯುವುದು ನೆರಳಿನಲ್ಲಿ. ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ಕೆಳಗೆ ನಡುಹಗಲಿನಲ್ಲೂ ಮಬ್ಬು. ನೆಲೆನಿಲ್ಲದ ಹಕ್ಕಿಯನ್ನು ಅಲ್ಲಾಡದಂತೆ ಹಿಡಿಯಲು ಸೆಕೆಂಡಿನ ಸಾವಿರದಲ್ಲಿ ಒಂದರಷ್ಟು ಶಟರ್ ವೇಗ ಬೇಕು, ಅದಕ್ಕೆ ಐಎಸ್‌ಒ 3200, 6400 ಎಂದು ಏರಿಸುತ್ತಲೇ ಹೋಗಬೇಕು. ಐಎಸ್‌ಒ ಎಂದರೆ ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸುತ್ತದೆ ಎಂಬ ಸಂಖ್ಯೆ, ಏರಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ. ತೋಟದ ಹಕ್ಕಿಯೇ ನಿಮ್ಮ ಆಸೆಯಾದರೆ ಎಪಿಎಸ್-ಸಿಯಷ್ಟಾದರೂ ದೊಡ್ಡ ಸೆನ್ಸರಿನ ಕ್ಯಾಮೆರಾ ಬೇಕೇ ಬೇಕು.

ಇಲ್ಲೇ ಸೂಪರ್ ಜೂಮ್ ಕ್ಯಾಮೆರಾಗಳ ವಿಷಯ ಹೇಳಿಬಿಡುತ್ತೇನೆ. ನಿಕಾನ್ ಪಿ950 ಥರದ್ದರಲ್ಲಿ 83 ಪಟ್ಟು ಜೂಮ್, 2000 ಮಿ.ಮೀ. ನೋಟ ಇದೆ. ಲೆನ್ಸ್ ಬದಲಿಸುವ ತಾಪತ್ರಯವಿಲ್ಲ. ಆದರೆ ಅದರ ಸೆನ್ಸರಿನ ವಿಸ್ತೀರ್ಣ ಎಪಿಎಸ್-ಸಿಯ ಹದಿಮೂರರಲ್ಲಿ ಒಂದು ಪಾಲು ಮಾತ್ರ. ಬಿಸಿಲಲ್ಲಿ, ಕೆರೆಯಂಚಿನಲ್ಲಿ, ಹಕ್ಕಿ ಗುರುತಿಸುವ ಕೆಲಸಕ್ಕೆ ಅದು ಒಳ್ಳೆಯ ಸಾಧನ. ತೋಟದ ನೆರಳು, ಛತ್ರ, ಮುಂಗಾರಿನ ಮಬ್ಬಿನಲ್ಲಿ ಚಿತ್ರವೆಲ್ಲ ಕಾಳುಕಾಳಾಗುತ್ತದೆ. ಹಕ್ಕಿಯ ದಾಖಲೆಯೊಂದೇ ಬೇಕೆನ್ನುವವರು ಕೊಳ್ಳಲಿ, ಫೋಟೋಗ್ರಫಿ ಕಲಿಯಬೇಕೆನ್ನುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಬೆಳಕು ಸೋತಿದ್ದರೆ: ಎಫ್ 1.8 ಪ್ರೈಮ್ ಲೆನ್ಸ್, ಅಂದರೆ ಜೂಮ್ ಇಲ್ಲದ ಲೆನ್ಸ್. ಎಫ್ ಸಂಖ್ಯೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ (ಅಪರ್ಚರ್) ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕಿಟ್ ಲೆನ್ಸ್ ತನ್ನ ಉದ್ದದ ತುದಿಯಲ್ಲಿ ಎಫ್ 5.6 ಅಥವಾ ಅದಕ್ಕೂ ಕಿರಿದಾಗುತ್ತದೆ. 5.6ಕ್ಕೆ ಹೋಲಿಸಿದರೆ 1.8 ಹತ್ತಿರಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕಿಟ್ ಲೆನ್ಸಿನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಅಲುಗಾಡಿ ಕೆಟ್ಟ ಚಿತ್ರ, ಇದರಲ್ಲಿ ನೂರನೇ ಒಂದು ಭಾಗದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. 35 ಮಿ.ಮೀ. ಮತ್ತು 50 ಮಿ.ಮೀ. ನಡುವೆ ಆರಿಸುವುದಾದರೆ, ಮನೆಯೊಳಗಿನ ಕೆಲಸಕ್ಕೆ 35 ಇರಲಿ. ಎಪಿಎಸ್-ಸಿ ಮೇಲೆ 50 ಹಾಕಿದರೆ 75-80 ಮಿ.ಮೀ. ನೋಟವಾಗಿ, ನಡುಮನೆಯಲ್ಲಿ ಗೋಡೆಗೆ ಬೆನ್ನು ತಾಗಿದರೂ ಇಬ್ಬರಿಗಿಂತ ಹೆಚ್ಚು ಜನ ಹಿಡಿಸುವುದಿಲ್ಲ. ಒಬ್ಬರ ಮುಖ, ಮಕ್ಕಳ ಚಿತ್ರಕ್ಕೆ 50 ಸೊಗಸು. ನಾಲ್ಕನೆಯ ಸೋಲಿಗೂ, ಅಂದರೆ ಹಿನ್ನೆಲೆಯ ಗಜಿಬಿಜಿಗೂ, ಇದೇ ಮದ್ದು.

ಟ್ರೈಪಾಡ್ ಇದ್ದರೆ ಕತ್ತಲಲ್ಲೂ ನಡೆಯುತ್ತದಲ್ಲ ಎಂದು ಕೇಳುವವರಿಗೆ: ಬೇಲೂರು, ಹಳೇಬೀಡಿನಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಮೊದಲೇ ಅನುಮತಿ ಬೇಕು. ಕೈಯಲ್ಲಿ ಹಿಡಿದೇ ತೆಗೆಯುವ ಲೆಕ್ಕ ಹಾಕಿ. ಗರ್ಭಗುಡಿಯ ಚಿತ್ರ ಬಹುತೇಕ ದೇವಸ್ಥಾನಗಳಲ್ಲಿ ನಿಷಿದ್ಧ, ಅದಕ್ಕಾಗಿ ಯಾವ ಲೆನ್ಸೂ ಬೇಡ.

ಸಣ್ಣದ್ದು ಸೋತಿದ್ದರೆ: ಮೊದಲು ಕಿಟ್ ಲೆನ್ಸ್ ಎಷ್ಟು ಹತ್ತಿರ ಹೋಗುತ್ತದೆ ನೋಡಿ. ಕಾಫಿ ಹೂವಿನ ಗೊಂಚಲಿಗೆ ಸಾಮಾನ್ಯ 18-55 ಸಾಕಾಗುತ್ತದೆ. ಇರುವೆ, ಜೇಡ, ಹೂವಿನ ಕೇಸರ ಬೇಕೆಂದರೆ ವಸ್ತುವನ್ನು ಅದರ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡಿಸುವ 1:1 ಮ್ಯಾಕ್ರೋ ಲೆನ್ಸ್ ಬೇಕು, ಅದು ದುಬಾರಿ. ಬಾಡಿ ಮತ್ತು ಲೆನ್ಸಿನ ನಡುವೆ ಹಾಕುವ ಎಕ್ಸ್‌ಟೆನ್ಷನ್ ಟ್ಯೂಬ್ ಕಡಿಮೆ ದುಡ್ಡಿಗೆ ಸಿಗುತ್ತದೆ. ಒಳಗೆ ವಿದ್ಯುತ್ ಸಂಪರ್ಕದ ಪಿನ್ನುಗಳಿರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಆಟೋಫೋಕಸ್ ಹೋಗುತ್ತದೆ. ಕಾಫಿ ಹೂವಿಗಾಗಿಯೇ ಕ್ಯಾಮೆರಾ ಎನ್ನುವವರು ಫೆಬ್ರವರಿಯೊಳಗೆ ಕೊಂಡು ಕೈ ಪಳಗಿಸಿಕೊಂಡಿರಬೇಕು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮೂರು ನಾಲ್ಕು ದಿನದಲ್ಲಿ ಮುಗಿದೂ ಹೋಗುತ್ತದೆ.

ಹಂತ 3: ದುಡ್ಡನ್ನು ಮೊದಲೇ ಪಾಲು ಮಾಡಿ

ಇರುವ ಮೊತ್ತವನ್ನು ಕಾಗದದ ಮೇಲೆ ಮೂರು ಪಾಲು ಮಾಡಿ. ಅರ್ಧ ಕ್ಯಾಮೆರಾದ ಬಾಡಿಗೆ. ಮೂರರಲ್ಲಿ ಒಂದು ಪಾಲು ಹಂತ 2ರಲ್ಲಿ ಆರಿಸಿದ ಲೆನ್ಸಿಗೆ. ಉಳಿದದ್ದು ಕಾರ್ಡ್, ಎರಡನೇ ಬ್ಯಾಟರಿ, ಚೀಲ ಮತ್ತು ತೇವ ತಡೆಯುವ ಡಬ್ಬಕ್ಕೆ. 60,000 ಇದ್ದರೆ 30,000, 20,000, 10,000. ಈ ಕೊನೆಯ ಪಾಲನ್ನು ಎಲ್ಲರೂ ಮರೆಯುತ್ತಾರೆ, ಮಲೆನಾಡಿನಲ್ಲಿ ಮರೆಯಬಾರದ್ದೇ ಅದು.

ಪಾಲು ಮಾಡಿದ ಮೇಲೆ ಹೊಸ ಬಾಡಿಯ ಬೆಲೆ ಎಟುಕದಿದ್ದರೆ ಲೆನ್ಸಿನ ಪಾಲನ್ನು ಮುರಿಯಬೇಡಿ. ಬಾಡಿಯನ್ನು ಸೆಕೆಂಡ್ ಹ್ಯಾಂಡ್ ನೋಡಿ, ಅಥವಾ ಎರಡು ತಿಂಗಳು ಕಾಯಿರಿ. ಫುಲ್ ಫ್ರೇಮ್ ಮೊದಲ ಕ್ಯಾಮೆರಾಗೆ ಬೇಡ. ಬಾಡಿ ಹೇಗೋ ಒದಗಬಹುದು. ಅದರ ಲೆನ್ಸುಗಳ ಬೆಲೆ, ತೂಕ ಎರಡೂ ಹೊಸಬರನ್ನು ಕೈಬಿಡಿಸುತ್ತವೆ.

ಹಂತ 4: ಮೌಂಟ್ ಆರಿಸಿ

ಲೆನ್ಸ್ ಕೂರುವ ಬಾಯಿಯೇ ಮೌಂಟ್. ಒಂದು ಕಂಪನಿಯದ್ದು ಇನ್ನೊಂದಕ್ಕೆ ಕೂರುವುದಿಲ್ಲ, ಒಂದೇ ಕಂಪನಿಯಲ್ಲೂ ಹಳೆಯದು ಹೊಸದು ಬೇರೆ ಬೇರೆ. ಒಳಗೆ ಕನ್ನಡಿ ಇರುವ ಹಳೆಯ ರೀತಿಯದು ಡಿಎಸ್‌ಎಲ್‌ಆರ್, ಕನ್ನಡಿ ಇಲ್ಲದ ಹೊಸ ರೀತಿಯದು ಮಿರರ್‌ಲೆಸ್. ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಇಎಫ್ ಮತ್ತು ಇಎಫ್-ಎಸ್, ಮಿರರ್‌ಲೆಸ್‌ಗೆ ಆರ್‌ಎಫ್. ನಿಕಾನ್ ಡಿಎಸ್‌ಎಲ್‌ಆರ್‌ಗೆ ಎಫ್, ಮಿರರ್‌ಲೆಸ್‌ಗೆ ಝಡ್. ಸೋನಿಗೆ ಇ, ಫ್ಯೂಜಿಗೆ ಎಕ್ಸ್. ಇವತ್ತು ಕೊಳ್ಳುವ ಮೌಂಟಿಗೇ ಮುಂದಿನ ಲೆನ್ಸುಗಳೆಲ್ಲ ಕಟ್ಟುಬೀಳುತ್ತವೆ.

ಹೊಸದು ಕೊಳ್ಳುವವರು ಮಿರರ್‌ಲೆಸ್‌ಗೇ ಹೋಗಲಿ. ಕ್ಯಾನನ್, ನಿಕಾನ್ ಎರಡೂ ಹೊಸ ಕೆಲಸವನ್ನೆಲ್ಲ ಅಲ್ಲೇ ಮಾಡುತ್ತಿವೆ. ಒಂದು ಕಾಲಕ್ಕೆ ಕಲಿಯುವವರ ಕೈಯಲ್ಲೆಲ್ಲ ಇದ್ದ ನಿಕಾನ್ ಡಿ3500, ಡಿ5600 ತಯಾರಿಕೆ ನಿಂತುಹೋಗಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಡಿಎಸ್‌ಎಲ್‌ಆರ್ ಈಗಲೂ ಲಾಭ. ಜನ ಮಾರಿಕೊಂಡು ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಕ್ಯಾನನ್ 50 ಎಂಎಂ ಎಫ್ 1.8, ನಿಕಾನ್ 35 ಎಂಎಂ ಎಫ್ 1.8ರಂಥ ಲೆನ್ಸುಗಳು ಬೇಕಾದಷ್ಟು ಸಿಗುತ್ತವೆ.

ಈ ಹಂತದಲ್ಲಿ ಮಾಡಬೇಕಾದ ಕೆಲಸ ಇಷ್ಟು: ಹಂತ 2ರ ಲೆನ್ಸ್ ಒಂದೊಂದು ಮೌಂಟಿನಲ್ಲೂ ಎಷ್ಟಕ್ಕೆ ಸಿಗುತ್ತದೆ ಎಂದು ಬರೆದು ಹೋಲಿಸಿ. ಸೋನಿ ಇ ಮೌಂಟಿಗೆ ಸಿಗ್ಮಾ, ಟ್ಯಾಮ್ರಾನ್ ಮುಂತಾದವರ ಲೆನ್ಸುಗಳು ಬಹಳ ಇವೆ. ಸಿಗ್ಮಾದ ಎಪಿಎಸ್-ಸಿ ಲೆನ್ಸುಗಳು 2023ರಲ್ಲಿ ನಿಕಾನ್ ಝಡ್‌ಗೆ, 2024ರಲ್ಲಿ ಕ್ಯಾನನ್ ಆರ್‌ಎಫ್‌ಗೆ ಬಂದವು. ಆಮೇಲೆ ಊರಿನಲ್ಲಿ, ನೆಂಟರಲ್ಲಿ, ಪರಿಚಯದ ಸ್ಟುಡಿಯೋದಲ್ಲಿ ಯಾರ ಹತ್ತಿರ ಯಾವುದಿದೆ ಕೇಳಿ. ಅದೇ ಮೌಂಟ್ ಆರಿಸಿದರೆ ಒಂದು ಭಾನುವಾರಕ್ಕೆ ಅವರ ಲೆನ್ಸ್ ಎರವಲು ಸಿಗುತ್ತದೆ, ಹೇಳಿಕೊಡುವವರೂ ಸಿಗುತ್ತಾರೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ.

ಸಾಮಾನ್ಯ ತಪ್ಪು: "ನಿಕಾನ್ ಲೆನ್ಸ್" ಎಂದಷ್ಟೇ ನೋಡಿ ಹಳೆಯ ಎಎಫ್-ಡಿ ಲೆನ್ಸ್ ಕೊಳ್ಳುವುದು. ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ, ಆ ಲೆನ್ಸನ್ನು ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕಾಗುತ್ತದೆ. ಎಎಫ್-ಎಸ್ ಎಂದು ಬರೆದಿರುವುದನ್ನು ನೋಡಿ ಕೊಳ್ಳಿ.

ಹಂತ 5: ಈಗ ಬಾಡಿ

ಇಲ್ಲಿಗೆ ಬರುವಷ್ಟರಲ್ಲಿ ಎರಡು ಮೂರು ಮಾದರಿಗಳಷ್ಟೇ ಉಳಿದಿರುತ್ತವೆ. ಮೆಗಾಪಿಕ್ಸೆಲ್ ನೋಡಬೇಡಿ. 24 ಮೆಗಾಪಿಕ್ಸೆಲ್ ಎಂದರೆ 6000×4000. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 20×13 ಇಂಚಿನ ಪ್ರಿಂಟ್ ಬರುತ್ತದೆ. ಅದಕ್ಕಿಂತ ದೊಡ್ಡದನ್ನು ಗೋಡೆಗೆ ಹಾಕುವವರು ಕಡಿಮೆ.

ನೋಡಬೇಕಾದ ಮೊದಲನೆಯದು ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ. ಬಿಸಿಲಿನಲ್ಲಿ ಹಿಂದಿನ ಪರದೆ ಕಾಣುವುದಿಲ್ಲ, ಉದ್ದ ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿಯದೆ ಹಾರುವ ಹಕ್ಕಿಯನ್ನು ಹಿಂಬಾಲಿಸಲಾಗುವುದಿಲ್ಲ. ನಿಕಾನ್ ಝಡ್30, ಸೋನಿ ಝಡ್‌ವಿ-ಇ10 ಎರಡರಲ್ಲೂ ವ್ಯೂಫೈಂಡರ್ ಇಲ್ಲ. ವಿಡಿಯೋ, ರೀಲ್ಸ್ ಮಾಡುವವರಿಗೆ ಅವು ಹೊಂದುತ್ತವೆ. ಕ್ಯಾನನ್ ಆರ್50, ಆರ್10, ನಿಕಾನ್ ಝಡ್50, ಸೋನಿ ಎ6400ಗಳಲ್ಲಿ ಇದೆ. ಕ್ಯಾನನ್ ಆರ್100ರಲ್ಲಿ ವ್ಯೂಫೈಂಡರ್ ಇದ್ದರೂ ಪರದೆ ತಿರುಗುವುದಿಲ್ಲ, ಮುಟ್ಟಿದರೆ ಕೆಲಸ ಮಾಡುವುದೂ ಇಲ್ಲ. ಫೋನಿನಿಂದ ಬಂದವರಿಗೆ ಅದು ದಿನಾ ಕಿರಿಕಿರಿ.

ಎರಡನೆಯದು, ಅಲುಗಾಟ ತಡೆಯುವ ವ್ಯವಸ್ಥೆ. ಮೇಲೆ ಹೇಳಿದ ಯಾವ ಬಾಡಿಯ ಒಳಗೂ ಸೆನ್ಸರ್ ಸ್ಥಿರೀಕರಣ ಇಲ್ಲ. ಹಾಗಾಗಿ ಉದ್ದ ಲೆನ್ಸಿನಲ್ಲೇ ಅದು ಇರಬೇಕು. ಹೆಸರಿನಲ್ಲಿ ಕ್ಯಾನನ್‌ಗೆ ಐಎಸ್, ನಿಕಾನ್‌ಗೆ ವಿಆರ್, ಸೋನಿಗೆ ಒಎಸ್‌ಎಸ್ ಎಂದಿರುತ್ತದೆ. ಈ ಅಕ್ಷರವಿಲ್ಲದ ಅಗ್ಗದ ಜೂಮ್ ಲೆನ್ಸುಗಳನ್ನು ಕಿಟ್ಟಿನ ಜೊತೆ ಕಟ್ಟಿ ಕೊಡುವುದುಂಟು, ಕೇಳಿ ನೋಡಿ.

ಮೂರನೆಯದು ಕೈ. ಅಂಗಡಿಗೆ ಹೋಗಿ ಲೆನ್ಸ್ ಹಾಕಿಸಿಯೇ ಹಿಡಿಯಿರಿ, ಐದು ನಿಮಿಷ ಕಣ್ಣಿಗೆ ಇಟ್ಟುಕೊಂಡಿರಿ. ಕಿರುಬೆರಳು ಕೆಳಗೆ ಜಾರುತ್ತದೆಯೇ, ಹೆಬ್ಬೆರಳಿಗೆ ಚಕ್ರ ಸಿಗುತ್ತದೆಯೇ, ಕನ್ನಡಕ ಹಾಕಿಕೊಂಡು ಪೂರ್ತಿ ಚೌಕಟ್ಟು ಕಾಣುತ್ತದೆಯೇ? ಚಿಕ್ಕಮಗಳೂರು, ಹಾಸನದ ಅಂಗಡಿಯಲ್ಲಿ ಆ ಮಾದರಿ ಇಲ್ಲದಿದ್ದರೆ ಬೆಂಗಳೂರಿಗೆ ಹೋದಾಗ ನೋಡಿ. ಬಾಡಿಗೆಗೆ ಸಿಕ್ಕಿದರೆ ಒಂದು ವಾರಾಂತ್ಯ ತಂದು ಬಳಸಿ, ಅದಕ್ಕೆ ಕೊಟ್ಟ ದುಡ್ಡು ವ್ಯರ್ಥವಲ್ಲ.

ಆರಂಭಿಕ ಬಾಡಿಗಳಲ್ಲಿ ಮಳೆ ತಡೆಯುವ ಸೀಲಿಂಗ್ ಇರುವುದಿಲ್ಲ ಎಂದೇ ತಿಳಿಯಿರಿ. ಇದ್ದರೂ ಲೆನ್ಸಿನಲ್ಲೂ ಇರದಿದ್ದರೆ ಪ್ರಯೋಜನವಿಲ್ಲ.

ಹಂತ 6: ಸೆಕೆಂಡ್ ಹ್ಯಾಂಡ್ ಆದರೆ ಪರೀಕ್ಷಿಸುವ ಕ್ರಮ

ಹಗಲಿನಲ್ಲಿ, ಕೂತು ನೋಡುವಂಥ ಜಾಗದಲ್ಲಿ ಭೇಟಿಯಾಗಿ. ಟಾರ್ಚ್, ಕಾರ್ಡ್, ಲ್ಯಾಪ್‌ಟಾಪ್ ಜೊತೆಗಿರಲಿ. ಮೊದಲು ಲೆನ್ಸ್ ನೋಡಿ, ನಮ್ಮ ಹವೆಯಲ್ಲಿ ಕೆಡುವುದು ಅದೇ.

1. ಲೆನ್ಸ್ ಬಿಚ್ಚಿ, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಆಮೇಲೆ ತಿರುಗಿಸಿ ಹಾಗೇ ನೋಡಿ. ನಿಕಾನ್ ಎಫ್ ಲೆನ್ಸಿನಲ್ಲಿ ಅಪರ್ಚರಿನ ಎಲೆಗಳು ಮುಚ್ಚಿಕೊಂಡಿದ್ದರೆ ಹಿಂಬದಿಯ ಸಣ್ಣ ಸನ್ನೆಯನ್ನು ಸರಿಸಿ ತೆರೆಯಬೇಕು. ಅಲ್ಲಲ್ಲಿ ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಜೇಡರ ಬಲೆಯಂತೆ ಕವಲೊಡೆದ ನವಿರು ಎಳೆಗಳು, ಅಂಚಿನಲ್ಲಿ ಮಂಜಿನಂಥ ಬಿಳುಪು ಕಂಡರೆ ಅದು ಬೂಷ್ಟು ಎಂದೇ ತಿಳಿಯಿರಿ. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಗಾಜಿನ ಲೇಪವನ್ನೇ ಅದು ತಿಂದಿರಬಹುದು, ಬೆಳೆಯುತ್ತಲೂ ಇರುತ್ತದೆ.

2. ಚೀಲವನ್ನೂ ಲೆನ್ಸನ್ನೂ ಮೂಸಿ ನೋಡಿ. ಮುಗ್ಗಲು ವಾಸನೆ ಇದ್ದರೆ ಟಾರ್ಚಿನಲ್ಲಿ ಇನ್ನೊಮ್ಮೆ ನೋಡಿ.

3. ಅಪರ್ಚರ್ ಎಫ್ 16ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆ ಅಥವಾ ಖಾಲಿ ಆಕಾಶದ ಚಿತ್ರ ತೆಗೆದು ಲ್ಯಾಪ್‌ಟಾಪಿನಲ್ಲಿ ನೋಡಿ. ಮಸುಕು ಚುಕ್ಕಿಗಳು ಸೆನ್ಸರಿನ ಧೂಳು, ಶುಚಿ ಮಾಡಿಸಬಹುದು. ಗೆರೆ ಕಂಡರೆ ಗೀರು, ಅಲ್ಲಿಗೆ ಬಿಟ್ಟುಬಿಡಿ.

4. ಮುಚ್ಚಳ ಹಾಕಿ, ಐಎಸ್‌ಒ 800ರಲ್ಲಿ ಕೆಲವು ಸೆಕೆಂಡಿನ ಒಂದು ಚಿತ್ರ ತೆಗೆಯಿರಿ. ಕಪ್ಪಿನಲ್ಲಿ ಒಂದೆರಡು ಬಣ್ಣದ ಚುಕ್ಕಿ ಸಹಜ, ಹಿಂಡುಹಿಂಡಾಗಿ ಕಂಡರೆ ಸಹಜವಲ್ಲ.

5. ಹತ್ತಿರದ್ದಕ್ಕೆ, ದೂರದ್ದಕ್ಕೆ ಫೋಕಸ್ ಮಾಡಿಸಿ. ಜೂಮ್ ಚಕ್ರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಕಿರುಗುಟ್ಟಬಾರದು, ನಡುವೆ ಸಿಕ್ಕಿಕೊಳ್ಳಬಾರದು. ಒಂದೊಂದು ಗುಂಡಿಯನ್ನೂ ಒತ್ತಿ ನೋಡಿ.

6. ಬ್ಯಾಟರಿ ಹೊರತೆಗೆದು ಉಬ್ಬಿದೆಯೇ ನೋಡಿ. ಕಾರ್ಡ್ ಕೂರುವ ಜಾಗ, ಮೌಂಟಿನ ಲೋಹದ ಪಿನ್ನುಗಳು, ಮೇಲೆ ಫ್ಲ್ಯಾಶ್ ಕೂರಿಸುವ ಜಾಗ, ಎಲ್ಲೂ ಹಸಿರು ಕಿಲುಬು ಇರಬಾರದು. ತಿರುಪುಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ.

7. ಶಟರ್ ಎಣಿಕೆ. ಆರಂಭಿಕ ಡಿಎಸ್‌ಎಲ್‌ಆರ್‌ಗಳ ಶಟರ್ ಸಾಮಾನ್ಯವಾಗಿ ಸುಮಾರು 1 ಲಕ್ಷ ಕ್ಲಿಕ್ಕಿನ ಅಂದಾಜಿನಲ್ಲಿ ಮಾಡಿದ್ದು. ನಿಕಾನ್ ಆದರೆ ಆಗತಾನೇ ತೆಗೆದ ಜೆಪೆಗ್ ಕಡತದೊಳಗೇ ಈ ಸಂಖ್ಯೆ ಇರುತ್ತದೆ, ಓದುವ ಉಚಿತ ತಂತ್ರಾಂಶಗಳಿವೆ. ಕ್ಯಾನನ್‌ನಲ್ಲಿ ಇಷ್ಟು ಸುಲಭವಲ್ಲ. ಆಗ ಹಿಡಿಕೆಯ ರಬ್ಬರು, ಶಟರ್ ಗುಂಡಿಯ ಸವೆತ ನೋಡಿ ಅಂದಾಜು ಮಾಡಿ. ಮದುವೆ ಸ್ಟುಡಿಯೋದಲ್ಲಿ ದುಡಿದ ಬಾಡಿಗೂ ಮನೆಯಲ್ಲಿದ್ದ ಬಾಡಿಗೂ ಇಲ್ಲೇ ವ್ಯತ್ಯಾಸ ಕಾಣುವುದು.

8. ಕೊನೆಗೆ ಬಿಲ್ಲಿನ ಸೀರಿಯಲ್ ನಂಬರ್ ಬಾಡಿಯ ಮೇಲೆ ಬರೆದಿರುವುದಕ್ಕೆ ತಾಳೆಯಾಗಬೇಕು.

ಎದ್ದು ಬರಬೇಕಾದ ಸೂಚನೆಗಳು: ನಿಮ್ಮ ಕಾರ್ಡ್ ಹಾಕಲು ಬಿಡದಿರುವುದು, ಬಿಲ್ ಊರಲ್ಲಿದೆ ಎನ್ನುವುದು, ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ವ್ಯಾಪಾರ ಮುಗಿಸಲು ಅವಸರ ಮಾಡುವುದು. ಮುಖ ನೋಡದ ಮಾರಾಟಗಾರ ಮುಂಗಡ ಹಾಕಿದರೆ ಕೊರಿಯರ್ ಮಾಡುತ್ತೇನೆ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ಹಂತ 7: ಕೊಳ್ಳುವ ದಿನ, ಅದರ ಮುಂದಿನ ವಾರ

ಹೊಸದಾದರೆ ಜಿಎಸ್‌ಟಿ ಬಿಲ್ಲಿನಲ್ಲಿ ಬಾಡಿಯ ಮತ್ತು ಲೆನ್ಸಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಭಾರತದ ಕಂಪನಿಯದ್ದೇ ಎಂದು ಖಚಿತಪಡಿಸಿಕೊಳ್ಳಿ. ಅಂಗಡಿಯವರ ವಾರಂಟಿ ಎಂದರೆ ಹೊರದೇಶದಿಂದ ಬೇರೆ ದಾರಿಯಲ್ಲಿ ತರಿಸಿದ ಮಾಲು ಇರಬಹುದು. ರಿಪೇರಿಗೆ ಹೋದಾಗ ಕಂಪನಿಯವರು ಮುಟ್ಟದಿರಬಹುದು. ಸರ್ವಿಸ್ ಸೆಂಟರ್ ಎಲ್ಲಿದೆ ಎಂದೂ ಕೇಳಿ. ಕೊಪ್ಪದಿಂದ ಬೆಂಗಳೂರಿಗೆ ಎರಡು ಸಲ ಓಡಾಡುವುದೂ ಕ್ಯಾಮೆರಾದ ಬೆಲೆಯಲ್ಲೇ ಸೇರುತ್ತದೆ.

ಕಾರ್ಡ್ ಹೆಸರಾಂತ ಕಂಪನಿಯದು, 64 ಜಿಬಿ, ವಿ30 ಗುರುತಿನದು ಇರಲಿ. ನಕಲಿ ಕಾರ್ಡುಗಳು ಬಹಳ. ಬಳಸುವ ಮೊದಲು ಲ್ಯಾಪ್‌ಟಾಪಿನಲ್ಲಿ ತುದಿವರೆಗೆ ತುಂಬಿಸಿ, ಕಡತಗಳು ಮತ್ತೆ ತೆರೆಯುತ್ತವೆಯೇ ನೋಡಿ, ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ವಾಪಸು ಕೊಡುವ ಅವಧಿಯೊಳಗೆ ಹಂತ 1ರ ಪಟ್ಟಿ ಹಿಡಿದು ಹೊರಡಿ. ಅವೇ ಜಾಗ, ಅದೇ ಹೊತ್ತು, ಫೋನು ಸೋತ ಅದೇ ಚಿತ್ರಗಳು. ಹೊಸ ಕ್ಯಾಮೆರಾ ಅದರಲ್ಲಿ ಅರ್ಧವನ್ನೂ ಗೆಲ್ಲದಿದ್ದರೆ ಮೊದಲು ಸೆಟ್ಟಿಂಗ್ ನೋಡಿ. ಉದ್ದ ಲೆನ್ಸಿನಲ್ಲಿ ಶಟರ್ ವೇಗ ಆ ಲೆನ್ಸಿನ ನೋಟದ ಸಂಖ್ಯೆಗಿಂತ ಕೆಳಗಿಳಿದರೆ, ಅಂದರೆ 400 ಮಿ.ಮೀ. ನೋಟಕ್ಕೆ ಸೆಕೆಂಡಿನ 400ನೇ ಒಂದು ಭಾಗಕ್ಕಿಂತ ನಿಧಾನವಾದರೆ, ಕೈ ಅಲುಗಾಟ ಕಾಣತೊಡಗುತ್ತದೆ. ಸ್ಥಿರೀಕರಣ ಇದ್ದರೆ ಒಂದಿಷ್ಟು ರಿಯಾಯಿತಿ ಸಿಗುತ್ತದೆ. ಛತ್ರದ ಚಿತ್ರಗಳಲ್ಲಿ ಅಡ್ಡಡ್ಡ ಪಟ್ಟೆ ಬಂದರೆ ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರನ್ನು 1/100 ಅಥವಾ 1/50ಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ. ಇದಿಷ್ಟು ಮಾಡಿದ ಮೇಲೂ ಫೋಕಸ್ ಒಂದೇ ಕಡೆ ತಪ್ಪುತ್ತಿದ್ದರೆ, ಚಿತ್ರದ ಒಂದು ಮೂಲೆ ಯಾವಾಗಲೂ ಮಸುಕಾಗಿದ್ದರೆ, ತಡಮಾಡದೆ ವಾಪಸು ಕೊಡಿ.

ಹಂತ 8: ಮಳೆಗಾಲಕ್ಕೆ ಮನೆ ಮಾಡಿ

ಕ್ಯಾಮೆರಾ ಮನೆಗೆ ಬರುವ ಮೊದಲೇ ಅದರ ಡಬ್ಬ ಬಂದಿರಲಿ. ರಬ್ಬರಿನ ಅಂಚಿರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಅರ್ಧ ಕಿಲೋದಷ್ಟು ಸಿಲಿಕಾ ಜೆಲ್, ಒಂದು ಪುಟ್ಟ ಆರ್ದ್ರತಾ ಮಾಪಕ. ಮುಳ್ಳು ಶೇ. 40ರಿಂದ 50ರೊಳಗೆ ಇರಬೇಕು. ಶೇ. 60 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಅನುಕೂಲ, 30ಕ್ಕಿಂತ ಕೆಳಗಿಳಿದರೆ ರಬ್ಬರಿಗೆ ಒಳ್ಳೆಯದಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಶೃಂಗೇರಿ, ಕೊಪ್ಪದ ಮನೆಗಳಲ್ಲಿ ಕೋಣೆಯ ಗಾಳಿಯೇ ಒದ್ದೆ. ಬೀರುವಿನ ಬಟ್ಟೆಗೆ ಬೂಷ್ಟು ಬರುವ ಮನೆಯಲ್ಲಿ ಲೆನ್ಸಿಗೂ ಬರುತ್ತದೆ.

ಜೆಲ್ ಕಿತ್ತಳೆಯಿಂದ ಹಸಿರಿಗೆ, ಅಥವಾ ನೀಲಿಯಿಂದ ಗುಲಾಬಿಗೆ ತಿರುಗಿದರೆ ನೀರು ಕುಡಿದು ತುಂಬಿದೆ ಎಂದರ್ಥ. ಕ್ಯಾಮೆರಾ ಹೊರಗಿಟ್ಟು, ಜೆಲ್ಲನ್ನು ಅಡಿಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ, ಬಣ್ಣ ಮರಳಿದ ಮೇಲೆ ಆರಿಸಿ ಹಾಕಿ. ಅಕ್ಕಿಯಲ್ಲಿ ಹೂತಿಡುವುದು ಬೇಡ, ಅದರ ಹುಡಿ ಒಳಗೆ ಸೇರುತ್ತದೆ. ಚರ್ಮದ ಕವಚದಲ್ಲಿ, ಬಟ್ಟೆಯ ಚೀಲದಲ್ಲಿ, ಅಟ್ಟದ ಮೇಲೆ ಇಡಬಾರದು. ಲೆನ್ಸುಗಳು ಹೆಚ್ಚಾದ ಮೇಲೆ ಕರೆಂಟಿನ ಡ್ರೈ ಕ್ಯಾಬಿನೆಟ್ ಕೊಳ್ಳಬಹುದು. ಬಾಗಿಲು ತೆರೆಯದಿದ್ದರೆ ಕರೆಂಟು ಹೋದಾಗಲೂ ಕೆಲಹೊತ್ತು ತಡೆಯುತ್ತದೆ.

ಬಾಬಾಬುಡನ್‌ಗಿರಿಯ ಮಂಜಿನಲ್ಲಿ ಅಥವಾ ಜಿಟಿಜಿಟಿ ಮಳೆಯಲ್ಲಿ ತೆಗೆಯುವುದಾದರೆ ಕೊಡೆ ಹಿಡಿಯಲು ಒಬ್ಬರು ಜೊತೆಗಿರಲಿ, ಲೆನ್ಸ್ ಬದಲಿಸಬೇಡಿ. ಗುಡ್ಡದ ಚಳಿಯಿಂದ ಬೆಚ್ಚಗಿನ ಮನೆಗೆ ಬಂದ ಕೂಡಲೇ ಚೀಲ ತೆರೆದರೆ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಅರ್ಧ ಗಂಟೆ ಚೀಲದಲ್ಲೇ ಬಿಡಿ, ಆಮೇಲೆ ಒರೆಸಿ, ಫ್ಯಾನಿನ ಗಾಳಿಗೆ ಒಣಗಿಸಿ, ಆಮೇಲಷ್ಟೇ ಡಬ್ಬಕ್ಕೆ ಹಾಕಿ. ಒದ್ದೆಯಾಗಿಯೇ ಮುಚ್ಚಿದರೆ ಡಬ್ಬವೇ ಬೂಷ್ಟಿನ ಗೂಡಾಗುತ್ತದೆ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಲೆನ್ಸ್ ಹೊರತೆಗೆದು ಹಂತ 6ರ ಹಾಗೆ ಟಾರ್ಚ್ ಬಿಟ್ಟು ನೋಡಿ. ಒಂದು ಸಣ್ಣ ಎಳೆ ಕಂಡರೂ ಆ ಲೆನ್ಸನ್ನು ಕೂಡಲೇ ಬೇರೆ ಡಬ್ಬಕ್ಕೆ ಹಾಕಿ, ಮನೆಯಲ್ಲಿ ಬಿಚ್ಚುವ ಸಾಹಸ ಮಾಡದೆ ಆ ವಾರದಲ್ಲೇ ಸರ್ವಿಸ್‌ಗೆ ಕೊಡಿ. ಶುರುವಿನಲ್ಲಿ ಒರೆಸಿದರೆ ಹೋಗುವುದು, ಗಣಪತಿ ಹಬ್ಬದ ಹೊತ್ತಿಗೆ ಗಾಜಿನ ಲೇಪಕ್ಕೆ ಇಳಿದಿರುತ್ತದೆ.